ಶಕುನಿಯ ದಾಳ ಮತ್ತು ಹುಣಸೆಯ ಬೀಜ

ಸುಗ್ಗಿಯ ಕೆಲಸ ಮುಗಿದು ಬೇಸಗೆ ಕಾಲಿಡುವ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಕಾಲ ಬರುತ್ತದೆ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಹಾಡು ಮಾತು ಕಲಿಸುತ್ತಾರೆ. ಹಗಲೆಲ್ಲ ಗದ್ದೆ ಹೊಲಗಳಲ್ಲಿ ದುಡಿದ ರೈತನು ರಾತ್ರಿ ಕಿರೀಟ ಧರಿಸಿ ದುರ್ಯೋಧನನಾಗುತ್ತಾನೆ. ಹಳೆಯ ಮೈಸೂರು ಸೀಮೆಯ ಈ ನಾಟಕಗಳಲ್ಲಿ ಪಾತ್ರಧಾರಿಗೆ ಸಂಬಳವಿಲ್ಲ. ಪಾತ್ರ ಬೇಕಾದವನೇ ಹಣ ಕೊಟ್ಟು ಪಾತ್ರವನ್ನು ಪಡೆಯುವ ವಾಡಿಕೆಯುಂಟು, ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಒಂದು ರಾತ್ರಿಯ ಮಟ್ಟಿಗೆ ತಾನಲ್ಲದ ಇನ್ನೊಬ್ಬನಾಗಬೇಕೆಂಬ ಹಂಬಲ ಮನುಷ್ಯನಲ್ಲಿ ಎಷ್ಟು ಆಳವಾಗಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

‘ಕುರುಕ್ಷೇತ್ರ’ ನಾಟಕದ ಕಥೆಗೆಲ್ಲ ಬೀಜವಾದುದು ಜೂಜಿನ ಪ್ರಸಂಗ. ಶಕುನಿಯು ದಾಳವನ್ನು ಕೈಯಲ್ಲಿ ಕುಲುಕುತ್ತಾನೆ, ಧರ್ಮರಾಯನು ಸೋಲುತ್ತಾನೆ. ಆ ದಾಳವು ಶಕುನಿಯು ಹೇಳಿದಂತೆ ಕೇಳುತ್ತಿತ್ತೆಂದು ನಮ್ಮ ಜನಪದರು ಕಥೆ ಹೇಳುತ್ತಾರೆ. ಧರ್ಮರಾಯನಿಗೆ ಅದು ಅದೃಷ್ಟದ ಆಟ. ಶಕುನಿಗೆ ಮೊದಲೇ ತಿಳಿದ ಫಲ. ಒಂದೇ ದಾಳ, ಎರಡು ನೋಟ. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಲೇಖನದ ಕೊನೆಯವರೆಗೂ ಇದು ನಮಗೆ ಬೇಕಾಗುತ್ತದೆ.

ಏಕೆಂದರೆ, ಆ ರಂಗದ ಮುಂದೆ ಚಾಪೆಯ ಮೇಲೆ ಕುಳಿತಿರುವ ಕಾಲೇಜು ವಿದ್ಯಾರ್ಥಿಯ ಜೇಬಿನಲ್ಲಿ ಇನ್ನೊಂದು ರಂಗಸ್ಥಳವಿದೆ. ಅವನ ಮೊಬೈಲಿನ ಗಾಜಿನ ಹಿಂದೆ ಅವನೂ ಒಂದು ವೇಷ ಧರಿಸಿದ್ದಾನೆ. ಅಲ್ಲಿಯೂ ದಾಳ ಉರುಳುತ್ತಿದೆ. ಆ ದಾಳವು ಯಾರು ಹೇಳಿದಂತೆ ಕೇಳುತ್ತದೆ?

ವೇಷ, ಬೆಳವಣಿಗೆ, ದಾಳ

ಇಂತಹ ಆಟಗಳನ್ನು ಪಾತ್ರಧಾರಣೆಯ ವಿಡಿಯೋ ಆಟಗಳೆಂದು ಕರೆಯಬಹುದು. ಓಟ, ಗುಂಡಿನ ಕಾಳಗ, ಚೆಂಡಾಟ ಮುಂತಾದ ವಿಡಿಯೋ ಆಟಗಳಿಗಿಂತ ಇವು ಮೂರು ಲಕ್ಷಣಗಳಿಂದ ಬೇರೆಯಾಗಿವೆ. ಮೊದಲನೆಯದಾಗಿ, ಆಟಗಾರನು ಒಂದು ಪಾತ್ರವನ್ನು ವಹಿಸುತ್ತಾನೆ. ಆ ಪಾತ್ರದ ಬಲ, ಚುರುಕು, ಬುದ್ಧಿ, ಮಾತಿನ ಚಾತುರ್ಯ ಎಲ್ಲವನ್ನೂ ಸಂಖ್ಯೆಗಳಲ್ಲಿ ಬರೆದಿಟ್ಟಿರುತ್ತಾರೆ. ಎರಡನೆಯದಾಗಿ, ಅನುಭವ ಹೆಚ್ಚಿದಂತೆ ಆ ಸಂಖ್ಯೆಗಳು ಬೆಳೆಯುತ್ತವೆ. ಮೂರನೆಯದಾಗಿ, ಪಾತ್ರವು ಕೈಹಾಕಿದ ಕೆಲಸವು ಕೈಗೂಡುವುದೋ ಇಲ್ಲವೋ ಎಂಬುದನ್ನು ಅನೇಕ ಆಟಗಳಲ್ಲಿ ದಾಳವು ತೀರ್ಮಾನಿಸುತ್ತದೆ.

ಇವುಗಳ ಮೂಲಪುರುಷನು ಗಣಕಯಂತ್ರವಲ್ಲ, ಕಾಗದ ಮತ್ತು ಪೆನ್ಸಿಲು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತು, ಒಬ್ಬನು ಕಥೆ ಹೇಳುತ್ತ, ಉಳಿದವರು ಪಾತ್ರಗಳಾಗಿ ಮಾತನಾಡುತ್ತ ಆಡುವ ಆಟವಿದು. ಮುಂದೆ ಗಣಕಯಂತ್ರಗಳು ಮನೆಗೆ ಬಂದಾಗ ಕಥೆ ಹೇಳುವ ಕೆಲಸವನ್ನೂ ದಾಳ ಉರುಳಿಸುವ ಕೆಲಸವನ್ನೂ ಯಂತ್ರವೇ ವಹಿಸಿಕೊಂಡಿತು. ಅಮೆರಿಕದಲ್ಲಿ 1981ರ ‘ಅಲ್ಟಿಮಾ’, ಜಪಾನಿನಲ್ಲಿ 1986ರ ‘ಡ್ರ್ಯಾಗನ್ ಕ್ವೆಸ್ಟ್’ ಮತ್ತು 1987ರ ‘ಫೈನಲ್ ಫ್ಯಾಂಟಸಿ’ ಈ ದಾರಿಯ ಮೈಲಿಗಲ್ಲುಗಳು.

ಈಚಿನ ವರ್ಷಗಳಲ್ಲಿ ಲೋಕಪ್ರಿಯವಾದವುಗಳಲ್ಲಿ ಕೆಲವನ್ನು ಮಾತ್ರ ಹೆಸರಿಸೋಣ. ಪೋಲೆಂಡಿನಲ್ಲಿ ತಯಾರಾದ ‘ದಿ ವಿಚರ್ 3’ 2015ರಲ್ಲಿ ಹೊರಬಂದಿತು. ಅದು ಆಂಡ್ಜೆ ಸಾಪ್ಕೋವ್‌ಸ್ಕಿ ಎಂಬ ಲೇಖಕರ ಕಥೆಗಳನ್ನು ಆಧರಿಸಿದುದು. 2019ರ ‘ಡಿಸ್ಕೊ ಎಲಿಸಿಯಮ್’ನಲ್ಲಿ ಕತ್ತಿಗುರಾಣಿಯ ಕಾಳಗವಿಲ್ಲ, ನೆನಪು ಕಳೆದುಕೊಂಡ ಪತ್ತೇದಾರನೊಬ್ಬನ ಮಾತುಕತೆಯೇ ಆಟ. 2020ರ ‘ಗೆನ್‌ಶಿನ್ ಇಂಪ್ಯಾಕ್ಟ್’ ಚೀನಾ ದೇಶದ್ದು. ಮೊಬೈಲಿನಲ್ಲಿಯೇ ಆಡಬಹುದಾದುದರಿಂದ ನಮ್ಮ ಹಳ್ಳಿಯ ಹುಡುಗನಿಗೂ ಎಟಕುವಂತಹುದು. ಜಪಾನಿನ ‘ಎಲ್ಡನ್ ರಿಂಗ್’ 2022ರಲ್ಲಿಯೂ, ಬೆಲ್ಜಿಯಮ್ಮಿನ ‘ಬಾಲ್ಡರ್ಸ್ ಗೇಟ್ 3’ 2023ರಲ್ಲಿಯೂ, ಫ್ರಾನ್ಸಿನ ‘ಕ್ಲೇರ್ ಆಬ್ಸ್ಕ್ಯೂರ್’ 2025ರಲ್ಲಿಯೂ ಬಂದವು.

ಇವುಗಳ ಚಿತ್ರಸೌಂದರ್ಯವನ್ನು ವರ್ಣಿಸುವುದು ನಮ್ಮ ಉದ್ದೇಶವಲ್ಲ. ಇವುಗಳ ಒಳಗಿರುವ ದಾಳವನ್ನು ಹೊರತೆಗೆದು ಅಂಗೈಯಲ್ಲಿಟ್ಟು ನೋಡುವುದು ನಮ್ಮ ಉದ್ದೇಶ. ಆದರೆ ದೂರದ ದಾಳವನ್ನು ನೋಡುವ ಮೊದಲು ಮನೆಯ ಜಗುಲಿಯ ದಾಳವನ್ನು ನೋಡುವುದು ಒಳ್ಳೆಯದು.

ಜಗುಲಿಯ ಮೇಲಿನ ಗಣಿತ

ಚೌಕಾಬಾರವನ್ನು ಅರಿಯದ ಮನೆ ನಮ್ಮ ಸೀಮೆಯಲ್ಲಿ ವಿರಳ. ನೆಲದ ಮೇಲೆ ಸೀಮೆಸುಣ್ಣದಿಂದ ಐದು ಸಾಲು, ಐದು ಕಂಬಗಳ 25 ಮನೆಗಳು, ಆಡುವವರು ನಾಲ್ವರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿಯು ಹೊರಸುತ್ತಿನ 16 ಮನೆಗಳನ್ನು ಒಂದು ದಿಕ್ಕಿನಲ್ಲಿಯೂ, ಒಳಸುತ್ತಿನ 8 ಮನೆಗಳನ್ನು ವಿರುದ್ಧ ದಿಕ್ಕಿನಲ್ಲಿಯೂ ಕ್ರಮಿಸಿ ನಡುಮನೆಯನ್ನು ಸೇರಿ ಹಣ್ಣಾಗುತ್ತದೆ. ಕವಡೆಯಿಲ್ಲದ ಮನೆಯಲ್ಲಿ ಹುಣಸೆಬೀಜಗಳೇ ದಾಳ. ಬೀಜದ ಒಂದು ಬದಿಯನ್ನು ಕಲ್ಲಿಗೆ ತೇಯ್ದು ಬಿಳುಪು ಮಾಡಿದರೆ ಸಾಕು. ಹೆಸರಿನಲ್ಲಿಯೇ ಹುಣಸೆಯನ್ನು ಧ್ವನಿಸುವ ಹುಣಸೂರಿನಲ್ಲಿ ಅದಕ್ಕೇನು ಬರವೆ!

ನಾಲ್ಕು ಬೀಜಗಳನ್ನು ಚೆಲ್ಲಿದಾಗ ಎಷ್ಟು ಬಿಳಿಯ ಬದಿಗಳು ಮೇಲಾಗುವುವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳುಪಾದರೆ ಅದು ‘ಚೌಕ’, ನಾಲ್ಕು ಮನೆ. ನಾಲ್ಕೂ ಕಪ್ಪಾದರೆ ಸೊನ್ನೆಯಲ್ಲ, ‘ಬಾರ’, ಎಂಟು ಮನೆ. ಇವೆರಡು ಬಿದ್ದರೆ ಮತ್ತೊಮ್ಮೆ ಚೆಲ್ಲುವ ಹಕ್ಕು ದೊರೆಯುತ್ತದೆ. ನಿಯಮಗಳು ಊರಿಂದೂರಿಗೆ ಅಷ್ಟಿಷ್ಟು ಬದಲಾಗುವುದುಂಟು.

ಈಗ ಲೆಕ್ಕ ಹಾಕೋಣ. ಪ್ರತಿಯೊಂದು ಬೀಜವೂ ಬಿಳಿ ಅಥವಾ ಕಪ್ಪಾಗಿ ಬೀಳಬಹುದು. ಎರಡೂ ಸಮನಾಗಿ ಸಂಭವಿಸುತ್ತವೆಂದು ಸದ್ಯಕ್ಕೆ ಭಾವಿಸಿದರೆ, ನಾಲ್ಕು ಬೀಜಗಳು ಬೀಳಬಹುದಾದ ರೀತಿಗಳು 2×2×2×2, ಎಂದರೆ 16. ಇವುಗಳಲ್ಲಿ ಒಂದೇ ಬಿಳಿ ಬರುವ ರೀತಿಗಳು 4, ಎರಡು ಬಿಳಿ ಬರುವ ರೀತಿಗಳು 6, ಮೂರು ಬಿಳಿ ಬರುವ ರೀತಿಗಳು 4, ಚೌಕಕ್ಕೆ 1, ಬಾರಕ್ಕೆ 1. ಆದುದರಿಂದ ‘ಎರಡು’ ಎಂಬುದು 16ರಲ್ಲಿ 6 ಬಾರಿ ಬೀಳುವ ಅತಿ ಸಾಮಾನ್ಯ ಗರ. ಚೌಕ ಬಾರಗಳು 16ರಲ್ಲಿ ಒಂದೊಂದು ಬಾರಿ ಮಾತ್ರ ಬೀಳುವ ಅಪರೂಪದ ಗರಗಳು. ಒಂದು ಚೆಲ್ಲಿಗೆ ಸರಾಸರಿ ಎರಡೂವರೆ ಮನೆ. ಅಪರೂಪಕ್ಕೆ ಹೆಚ್ಚಿನ ಬಹುಮಾನ, ಸಾಮಾನ್ಯಕ್ಕೆ ಸಾಮಾನ್ಯ ಫಲ ಎಂಬ ನೀತಿಯು ಗಣಿತದ ಪುಸ್ತಕವನ್ನು ಕಾಣದ ಅಜ್ಜಿಯರ ಆಟದಲ್ಲಿ ಅಡಗಿ ಕುಳಿತಿದೆ.

ಆದರೆ ಬೀಜದ ಎರಡು ಬದಿಗಳು ನಿಜವಾಗಿಯೂ ಸಮವೆ? ತೇಯ್ದ ಬದಿ ಚಪ್ಪಟೆ, ತೇಯದ ಬದಿ ಉಬ್ಬು. ಬಿಳಿ ಮೇಲಾಗುವುದು 100ಕ್ಕೆ 50 ಅಲ್ಲದೆ 40 ಬಾರಿ ಎಂದಿಟ್ಟುಕೊಳ್ಳೋಣ. ಆಗ ನಾಲ್ಕೂ ಕಪ್ಪಾಗುವ ಸಂಭವವು 0.6ನ್ನು ನಾಲ್ಕು ಬಾರಿ ಗುಣಿಸಿದಾಗ ಬರುವ 0.1296, ನಾಲ್ಕೂ ಬಿಳಿಯಾಗುವ ಸಂಭವವು 0.0256. ಬಾರವು ಚೌಕಕ್ಕಿಂತ ಐದು ಪಟ್ಟು ಸುಲಭವಾಗಿ ಬೀಳತೊಡಗುತ್ತದೆ! ಬೀಜವನ್ನು ತೇಯುವಾಗ ಮಾಡಿದ ಸಣ್ಣ ವ್ಯತ್ಯಾಸವು ಆಟದ ಸ್ವರೂಪವನ್ನೇ ಬದಲಾಯಿಸಬಲ್ಲದು. ಶಕುನಿಗೆ ಮಾಯೆಯ ಅಗತ್ಯವಿರಲಿಲ್ಲ. ಒರಟು ಕಲ್ಲೊಂದಿದ್ದರೆ ಸಾಕಿತ್ತು.

ಆಟದ ಮಣೆಯನ್ನು ವಿದ್ಯೆಯ ಮಟ್ಟಕ್ಕೇರಿಸಿದ ದೊರೆಯೊಬ್ಬರು ಮೈಸೂರಿನಲ್ಲಿಯೇ ಇದ್ದರು. ಕೃಷ್ಣರಾಜನಗರವು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತ ಊರು. ನಾವು ಹೇಳುತ್ತಿರುವುದು ಅವರಿಗೂ ಹಿಂದಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕುರಿತು. 1794ರಲ್ಲಿ ಹುಟ್ಟಿ 1868ರಲ್ಲಿ ತೀರಿಕೊಂಡ ಈ ಅರಸರಿಂದ ರಾಜ್ಯದ ಆಡಳಿತವನ್ನು ಬ್ರಿಟಿಷರು 1831ರಲ್ಲಿ ಕಿತ್ತುಕೊಂಡರು. ರಾಜ್ಯವಾಳುವ ಕೆಲಸ ತಪ್ಪಿದ ಅರಸರು ಕಲೆ ಸಾಹಿತ್ಯಗಳೊಂದಿಗೆ ಆಟಗಳ ಲೋಕವನ್ನೂ ಆಳಿದರು ಎನ್ನಲಡ್ಡಿಯಿಲ್ಲ. ಹೊಸ ಹೊಸ ಮಣೆಯಾಟಗಳನ್ನು ರಚಿಸಿದರು. ಗಂಜೀಫ ಎಲೆಗಳ ಹೊಸ ಕಟ್ಟುಗಳನ್ನು ಕಲ್ಪಿಸಿದರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲಿ ಒಂದೊಂದೇ ಸಲ ಕಾಲಿಡುವಂತೆ ನಡೆಸುವ ಕಠಿನ ಸಮಸ್ಯೆಯನ್ನು ಬಿಡಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಇಂತಹ ಆಟಗಳಿಗೆ ಸ್ಥಾನ ಕೊಟ್ಟಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಹಳೆಯ ಮಣೆಯಾಟಗಳ ಪ್ರದರ್ಶನಗಳನ್ನು ನಡೆಸಿದೆ. ಅವಕಾಶ ದೊರೆತ ವಿದ್ಯಾರ್ಥಿಗಳು ನೋಡತಕ್ಕುದು.

ಇಪ್ಪತ್ತು ಮುಖಗಳ ದಾಳ

ಈಗ ಜಗುಲಿಯಿಂದ ಗಾಜಿನ ಪರದೆಗೆ ಹೋಗೋಣ. 1974ರ ಆ ಮೇಜಿನಾಟವು ಆರು ಮುಖದ ದಾಳದಿಂದ ತೃಪ್ತಿಪಡಲಿಲ್ಲ. ಎಲ್ಲ ಮುಖಗಳೂ ಒಂದೇ ಸಮನಾದ ನಿಯಮಿತ ಬಹುಭುಜಗಳಾಗಿದ್ದು, ಎಲ್ಲ ಮೂಲೆಗಳೂ ಒಂದೇ ರೀತಿಯಲ್ಲಿರುವ ಉಬ್ಬು ಘನಾಕೃತಿಗಳು ಐದೇ ಐದು: 4, 6, 8, 12 ಮತ್ತು 20 ಮುಖದವು. ಆರನೆಯದು ಇರಲು ಸಾಧ್ಯವಿಲ್ಲವೆಂಬುದನ್ನು ಯೂಕ್ಲಿಡನ ಗ್ರಂಥದಲ್ಲಿಯೇ ಕಾಣಬಹುದು. ಗ್ರೀಕರ ಈ ಐದು ಆಕೃತಿಗಳೂ ದಾಳಗಳಾದವು. ಅವುಗಳಲ್ಲಿ 20 ತ್ರಿಕೋನಗಳಿಂದ ಕೂಡಿದ ದಾಳವೇ ಪ್ರಧಾನ ಸ್ಥಾನ ಪಡೆಯಿತು.

‘ಬಾಲ್ಡರ್ಸ್ ಗೇಟ್ 3’ ಇದೇ ದಾಳವನ್ನು ತೆರೆಯ ಮೇಲೆ ಎಲ್ಲರಿಗೂ ಕಾಣುವಂತೆ ಉರುಳಿಸುತ್ತದೆ. ಒಂದು ಬೀಗವನ್ನು ತೆರೆಯಬೇಕಾಗಿದೆ. ಅದರ ಕಠಿನತೆ 15 ಎಂದಿಟ್ಟುಕೊಳ್ಳಿ. ದಾಳವು 15 ಅಥವಾ ಅದಕ್ಕಿಂತ ಹೆಚ್ಚು ತೋರಿಸಬೇಕು. 15ರಿಂದ 20ರವರೆಗೆ ಆರು ಮುಖಗಳು. ಸಂಭವ 20ರಲ್ಲಿ 6, ಎಂದರೆ 100ಕ್ಕೆ 30. ನಿಮ್ಮ ಪಾತ್ರಕ್ಕೆ ಬೀಗದ ಕೈಚಳಕವಿದ್ದು ಅದಕ್ಕೆ 5 ಅಂಕ ಸೇರುವುದಾದರೆ ದಾಳವು 10 ತೋರಿಸಿದರೂ ಸಾಕು. ಸಂಭವ 20ರಲ್ಲಿ 11, ಎಂದರೆ 100ಕ್ಕೆ 55. ಇನ್ನು ಅನುಕೂಲ ಸನ್ನಿವೇಶ ಒದಗಿ, ಎರಡು ಬಾರಿ ಉರುಳಿಸಿ ಹೆಚ್ಚಿನದನ್ನು ಆರಿಸಿಕೊಳ್ಳುವ ಅವಕಾಶ ದೊರೆತರೆ? ಆಗ ಸೋಲಬೇಕಾದರೆ ಎರಡೂ ಬಾರಿ ಸೋಲಬೇಕು. ಸೋಲಿನ ಸಂಭವ 9/20ನ್ನು 9/20ರಿಂದ ಗುಣಿಸಿದಷ್ಟು, ಎಂದರೆ 400ರಲ್ಲಿ 81. ಗೆಲುವಿನ ಸಂಭವ 100ಕ್ಕೆ ಸುಮಾರು 80ಕ್ಕೆ ಏರಿತು.

ಪಾತ್ರವು ‘ಬೆಳೆಯಿತು’ ಎಂಬುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. 30 ಇದ್ದುದು 55 ಆಗಿ, 55 ಇದ್ದುದು 80 ಆಯಿತು. ಗೆಲುವು ನಿಶ್ಚಿತವಾಗಲಿಲ್ಲ, ಗೆಲುವಿನ ಸಂಭವನೀಯತೆ ಹೆಚ್ಚಿತು. ಅಭ್ಯಾಸವು ನಿಜಜೀವನದಲ್ಲಿಯೂ ಮಾಡುವುದು ಇದನ್ನೇ ಅಲ್ಲವೆ? ಚೆನ್ನಾಗಿ ಓದಿದವನಿಗೂ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪಬಹುದು. ಓದದವನಿಗೂ ಒಂದು ಉತ್ತರ ಹೊಳೆಯಬಹುದು. ಈ ಆಟದಲ್ಲಿಯೂ 1 ಬಿದ್ದರೆ ಎಂತಹ ನಿಪುಣನೂ ಸೋಲುತ್ತಾನೆ, 20 ಬಿದ್ದರೆ ಎಂತಹ ಅನನುಭವಿಯೂ ಗೆಲ್ಲುತ್ತಾನೆ.

‘ಡಿಸ್ಕೊ ಎಲಿಸಿಯಮ್’ ಬೇರೆ ದಾರಿ ಹಿಡಿದಿದೆ. ಅದು ಆರು ಮುಖದ ಎರಡು ದಾಳಗಳನ್ನು ಒಟ್ಟಿಗೆ ಉರುಳಿಸಿ ಕೂಡುತ್ತದೆ. ಒಟ್ಟು 36 ರೀತಿಗಳಲ್ಲಿ 7 ಎಂಬ ಮೊತ್ತ 6 ರೀತಿಗಳಲ್ಲಿ ಬರುತ್ತದೆ. 2 ಮತ್ತು 12 ಒಂದೊಂದೇ ರೀತಿಯಲ್ಲಿ ಬರುತ್ತವೆ. ನಡುವೆ ಗುಡ್ಡ, ಎರಡು ಕಡೆ ಇಳಿಜಾರು. ನಮ್ಮ ಹುಣಸೆಬೀಜಗಳಲ್ಲಿ ‘ಎರಡು’ ಹೆಚ್ಚಾಗಿ ಬಿದ್ದುದು ನೆನಪಿದೆಯೆ? ಅಲ್ಲಿಯೂ ಇದೇ ಗುಡ್ಡ. 20 ಮುಖದ ದಾಳದಲ್ಲಾದರೋ ಗುಡ್ಡವಿಲ್ಲ, ಬಯಲು. ಪ್ರತಿ ಅಂಕಿಗೂ 20ರಲ್ಲಿ ಒಂದೇ ಪಾಲು.

ಈ ವ್ಯತ್ಯಾಸದ ಪರಿಣಾಮವೇನು? ಬಯಲಿನ ದಾಳದಲ್ಲಿ ಪಾತ್ರಕ್ಕೆ ಒಂದು ಅಂಕ ಸೇರಿದರೆ ಸಾಮಾನ್ಯವಾಗಿ ಸಂಭವವು 100ಕ್ಕೆ 5ರಂತೆಯೇ ಹೆಚ್ಚುತ್ತದೆ. ಗುಡ್ಡದ ದಾಳದಲ್ಲಿ ಹಾಗಲ್ಲ. 8 ಬೇಕಾಗಿದ್ದ ಕಡೆ 7 ಸಾಕಾದರೆ ಗೆಲ್ಲುವ ರೀತಿಗಳು 36ರಲ್ಲಿ 15 ಇದ್ದುದು 21ಕ್ಕೆ ಏರುತ್ತದೆ. 100ಕ್ಕೆ ಸುಮಾರು 17ರಷ್ಟು ಲಾಭ. ಆದರೆ 4 ಬೇಕಾಗಿದ್ದ ಕಡೆ 3 ಸಾಕಾದರೆ 33 ಇದ್ದುದು 35 ಆಗುತ್ತದೆ, ಅಷ್ಟೆ. ಎಂದರೆ, ಸಾಧಾರಣನಾದವನಿಗೆ ಸ್ವಲ್ಪ ಕಲಿಕೆಯೂ ಬಹಳ ಫಲ ಕೊಡುತ್ತದೆ. ಈಗಾಗಲೇ ನಿಪುಣನಾದವನಿಗೆ ಅಷ್ಟೇ ಕಲಿಕೆಯ ಫಲ ಅಲ್ಪ. ಒಂದು ದಾಳವೋ ಎರಡು ದಾಳವೋ ಎಂಬ ಕ್ಷುಲ್ಲಕವೆಂದು ತೋರುವ ಆಯ್ಕೆಯಿಂದ ಒಂದು ಲೋಕದ ನ್ಯಾಯವೇ ಬದಲಾಗುತ್ತದೆ.

ಎಲ್ಲ ಆಟಗಳೂ ದಾಳವನ್ನು ಹೀಗೆ ಬಹಿರಂಗವಾಗಿ ಉರುಳಿಸುವುದಿಲ್ಲ. ‘ಎಲ್ಡನ್ ರಿಂಗ್’ನ ಕಾಳಗದಲ್ಲಿ ಗೆಲುವು ಬೆರಳಿನ ಚುರುಕಿಗೂ ತಾಳ್ಮೆಗೂ ಸೇರಿದ್ದು, ಆದರೂ ಸತ್ತ ಶತ್ರುವಿನಿಂದ ಆಯುಧ ದೊರೆಯುವುದೋ ಇಲ್ಲವೋ ಎಂಬುದನ್ನು ಅಲ್ಲಿಯೂ ಕಾಣದ ದಾಳವೊಂದು ನಿರ್ಧರಿಸುತ್ತದೆ.

ಯಂತ್ರದೊಳಗಿನ ಬೀಜ

ಇಲ್ಲಿ ಒಂದು ಕುತೂಹಲದ ಪ್ರಶ್ನೆ ಏಳುತ್ತದೆ. ಗಣಕಯಂತ್ರಕ್ಕೆ ಕೈಯಿಲ್ಲ, ದಾಳವಿಲ್ಲ, ನೆಲವಿಲ್ಲ. ಹೇಳಿದ ಲೆಕ್ಕವನ್ನು ಹೇಳಿದಂತೆ ಮಾಡುವುದಷ್ಟೇ ಅದರ ಧರ್ಮ. ಎರಡಕ್ಕೆ ಎರಡು ಕೂಡಿದರೆ ಅದು ಎಂದೆಂದಿಗೂ ನಾಲ್ಕನ್ನೇ ಹೇಳಬೇಕು. ಹೀಗಿರುವಾಗ ಅನಿಶ್ಚಿತವಾದ ಸಂಖ್ಯೆಯನ್ನು ಅದು ಎಲ್ಲಿಂದ ತರುತ್ತದೆ?

ತರುವುದಿಲ್ಲ, ತಂದಂತೆ ನಟಿಸುತ್ತದೆ. ವಿಧಾನ ಇಂತಿದೆ. ಯಾವುದಾದರೂ ಒಂದು ಸಂಖ್ಯೆಯಿಂದ ಪ್ರಾರಂಭಿಸಿ. ಅದನ್ನು 5ರಿಂದ ಗುಣಿಸಿ 3ನ್ನು ಕೂಡಿಸಿ. ಬಂದುದನ್ನು 16ರಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳಿ. ಆ ಶೇಷಕ್ಕೆ ಮತ್ತೆ ಇದೇ ಕ್ರಿಯೆಯನ್ನು ಮಾಡಿ. 7ರಿಂದ ಹೊರಟರೆ 5×7+3=38; 16ರಿಂದ ಭಾಗಿಸಿದರೆ ಶೇಷ 6. ಮುಂದೆ ಕ್ರಮವಾಗಿ 1, 8, 11, 10, 5, 12, 15, 14, 9, 0, 3, 2, 13, 4 ಬಂದು ಮತ್ತೆ 7ಕ್ಕೆ ಮರಳುತ್ತೇವೆ. ಅಮೆರಿಕದ ಗಣಿತಜ್ಞ ಡೆರಿಕ್ ಹೆನ್ರಿ ಲೆಹ್ಮರ್ 1949ರಲ್ಲಿ ಸೂಚಿಸಿದ ವಿಧಾನದ ಜಾತಿಗೆ ಇದು ಸೇರಿದ್ದು. ನಿಯಮ ತಿಳಿಯದವನಿಗೆ ಈ ಸಾಲು ಗೊತ್ತುಗುರಿಯಿಲ್ಲದೆ ಬಿದ್ದ ದಾಳದಂತೆಯೇ ಕಾಣುತ್ತದೆ.

ಮೊದಲಿಗೆ ಹಿಡಿದ ಸಂಖ್ಯೆಗೆ ಗಣಕವಿಜ್ಞಾನಿಗಳು ಕೊಟ್ಟಿರುವ ಹೆಸರು ‘ಬೀಜ’! ಹುಣಸೆಬೀಜಕ್ಕೂ ಇದಕ್ಕೂ ಇರುವ ಸಾಮ್ಯ ಆಕಸ್ಮಿಕವಾದರೂ ವ್ಯತ್ಯಾಸ ಮುಖ್ಯವಾದುದು. ಹುಣಸೆಬೀಜವನ್ನು ಎರಡನೆಯ ಬಾರಿ ಚೆಲ್ಲಿದರೆ ಮೊದಲಿನಂತೆಯೇ ಬೀಳಬೇಕೆಂದಿಲ್ಲ. ಯಂತ್ರದ ಬೀಜ ಒಂದೇ ಆಗಿದ್ದರೆ ಮುಂದಿನ ಸಾಲೆಲ್ಲವೂ ಒಂದೇ. ಆದುದರಿಂದಲೇ, ಸೋತ ಆಟಗಾರನು ಹಿಂದೆ ಉಳಿಸಿಟ್ಟ ಘಟ್ಟಕ್ಕೆ ಮರಳಿ ಮತ್ತೆ ಆಡಿದಾಗ, ಆಟವು ಬೀಜವನ್ನೂ ಉಳಿಸಿಟ್ಟಿದ್ದರೆ ಅದೇ ದಾಳವೇ ಮತ್ತೆ ಬೀಳುತ್ತದೆ.

ನಮ್ಮ ಪುಟ್ಟ ಸಾಲನ್ನು ಇನ್ನೊಮ್ಮೆ ಗಮನವಿಟ್ಟು ನೋಡಿ. 7, 6, 1, 8, 11, 10... ಬೆಸ, ಸಮ, ಬೆಸ, ಸಮ! ಬೆಸ ಬಂದಾಗ ನಾಲ್ಕನೆಯ ಹುಣಸೆಬೀಜವು ಬಿಳಿ, ಸಮ ಬಂದಾಗ ಕಪ್ಪು ಎಂದು ಗೊತ್ತುಮಾಡಿದ್ದರೆ ಆ ಬೀಜವು ಒಮ್ಮೆ ಬಿಳಿ ಒಮ್ಮೆ ಕಪ್ಪು ಎಂದು ತಪ್ಪದೆ ಸರದಿಯಲ್ಲಿ ಬೀಳುತ್ತಿತ್ತು; ಚತುರನಾದ ಆಟಗಾರನು ಅದನ್ನು ಹತ್ತೇ ನಿಮಿಷದಲ್ಲಿ ಕಂಡುಹಿಡಿಯುತ್ತಿದ್ದನು. ಇಂತಹ ದೋಷಗಳನ್ನು ನಿವಾರಿಸಲು ಗಣಿತಜ್ಞರು ಬಹಳ ಶ್ರಮಿಸಿದ್ದಾರೆ. ಜಪಾನಿನ ಮಕೋತೊ ಮತ್ಸುಮೊತೊ ಮತ್ತು ತಕುಜಿ ನಿಶಿಮುರ 1998ರಲ್ಲಿ ಪ್ರಕಟಿಸಿದ ‘ಮರ್ಸೆನ್ ಟ್ವಿಸ್ಟರ್’ ಎಂಬ ವಿಧಾನದಲ್ಲಿ ಸಾಲು ಮರಳಿ ಮೊದಲಿಗೆ ಬರುವ ಮುನ್ನ ಕ್ರಮಿಸುವ ಹೆಜ್ಜೆಗಳ ಸಂಖ್ಯೆಯನ್ನು ಬರೆಯಲು 6,002 ಅಂಕಿಗಳು ಬೇಕು. ನಮ್ಮ ಪುಟ್ಟ ಯಂತ್ರವಾದರೋ 16 ಹೆಜ್ಜೆಗಳಲ್ಲಿ ದಣಿಯಿತು.

ಹೀಗೆ, ಆಟಗಾರನ ಕಣ್ಣಿಗೆ ಅದೃಷ್ಟ. ಯಂತ್ರಕ್ಕೆ ಮೊದಲೇ ನಿಗದಿಯಾದ ಲೆಕ್ಕ. ನಾಟಕದ ಜೂಜಿನ ಪ್ರಸಂಗ ಈಗ ನೆನಪಾಗಬೇಕು.

ಕರ್ಮದ ದಾಳ

ಇನ್ನೂ ಒಂದು ವಿಚಿತ್ರವುಂಟು. ದಾಳವು ನ್ಯಾಯವಾಗಿದ್ದರೂ ಮನುಷ್ಯನ ಮನಸ್ಸಿಗೆ ನ್ಯಾಯವಾಗಿ ಕಾಣುವುದಿಲ್ಲ. ನಾಣ್ಯವನ್ನು ನೂರು ಬಾರಿ ಚಿಮ್ಮಿದರೆ ಒಂದೇ ಮುಖವು ಸತತವಾಗಿ ಐದು ಬಾರಿಯಾದರೂ ಬೀಳುವುದು ಬಹುಮಟ್ಟಿಗೆ ನಿಶ್ಚಿತ. ಆದರೆ ಆಟದಲ್ಲಿ ಐದು ಬಾರಿ ಸೋತವನು ‘ಇದರಲ್ಲಿ ಮೋಸವಿದೆ’ ಎಂದೇ ಕೂಗುತ್ತಾನೆ. ಇದನ್ನರಿತ ‘ಬಾಲ್ಡರ್ಸ್ ಗೇಟ್ 3’ರ ನಿರ್ಮಾಪಕರು ‘ಕಾರ್ಮಿಕ್ ಡೈಸ್’ ಎಂಬ ಏರ್ಪಾಡನ್ನು ಮಾಡಿದ್ದಾರೆ. ಕರ್ಮ ಎಂಬ ನಮ್ಮ ಮಾತು ಬೆಲ್ಜಿಯಮ್ಮಿನ ಆಟದೊಳಗೆ ಸೇರಿರುವುದನ್ನು ನೋಡಿ! ಒಂದೇ ಬಗೆಯ ಫಲ ಬಹಳ ಹೊತ್ತು ಮುಂದುವರಿಯದಂತೆ ಅದು ದಾಳವನ್ನು ಮೆಲ್ಲನೆ ತಿದ್ದುತ್ತದೆ. ಬೇಡವೆನಿಸಿದವರು ಅದನ್ನು ತೆಗೆದುಹಾಕಬಹುದು. ನಿಜವಾದ ಅದೃಷ್ಟವು ಮನಸ್ಸಿಗೆ ಮೋಸದಂತೆಯೂ, ತಿದ್ದಿದ ಅದೃಷ್ಟವು ನ್ಯಾಯದಂತೆಯೂ ತೋರುವುದು ಸೋಜಿಗವಲ್ಲವೆ?

‘ಇಷ್ಟು ಬಾರಿ ಸೋತೆ, ಇನ್ನು ಗೆಲ್ಲಲೇಬೇಕು’ ಎಂಬ ನಂಬಿಕೆಯು ಜೂಜುಗಾರನ ಹಳೆಯ ಭ್ರಮೆ. ಹುಣಸೆಬೀಜಕ್ಕೆ ಜ್ಞಾಪಕಶಕ್ತಿಯಿಲ್ಲ; ಹಿಂದಿನ ಹತ್ತು ಚೆಲ್ಲುಗಳು ಅದಕ್ಕೆ ತಿಳಿಯವು. ಪುಕ್ಕಟೆಯ ಆಟದಲ್ಲಿ ಈ ಭ್ರಮೆಯಿಂದ ಹಾನಿಯಿಲ್ಲ. ಹಣ ಸೇರಿದ ಕೂಡಲೇ ಮಾತು ಬೇರೆಯಾಗುತ್ತದೆ.

ತಾರೆಮರದ ಕೆಳಗೆ

ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಅಂಚಿನಲ್ಲಿ ನಾಗರಹೊಳೆಯ ಎಲೆಯುದುರುವ ಕಾಡುಗಳಿವೆ. ಅಲ್ಲಿ ಎತ್ತರವಾಗಿ ಬೆಳೆಯುವ ಮರಗಳಲ್ಲೊಂದು ತಾರೆ. ಅಳಲೆ, ನೆಲ್ಲಿಗಳೊಡನೆ ಸೇರಿ ತ್ರಿಫಲೆಯಾಗುವುದು ಇದರ ಕಾಯಿಯೇ. ಸಂಸ್ಕೃತದಲ್ಲಿ ಇದಕ್ಕೆ ವಿಭೀತಕವೆಂದು ಹೆಸರು. ನಮ್ಮ ದೇಶದ ಹಳೆಯ ದಾಳಗಳಲ್ಲೊಂದು ಇದರ ಕಾಯಿ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜಿನಿಂದ ಮನೆ ಮಡದಿಯನ್ನು ಕಳೆದುಕೊಂಡವನ ಪ್ರಲಾಪವಿದೆ; ಅವನನ್ನು ಕೆಡಿಸಿದುದು ಈ ಕಾಯಿಗಳು.

ಇದೇ ಮರದ ಕೆಳಗೆ ಮಹಾಭಾರತದ ನಳನ ಕಥೆಯ ಒಂದು ಮುಖ್ಯ ಘಟನೆ ನಡೆಯುತ್ತದೆ. ಕನಕದಾಸರ ‘ನಳಚರಿತ್ರೆ’ಯಿಂದಾಗಿ ಆ ಕಥೆ ಕನ್ನಡಿಗರಿಗೆ ಚಿರಪರಿಚಿತ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಕಂಡ ತಾರೆಮರದ ಎಲೆ ಕಾಯಿಗಳ ಸಂಖ್ಯೆಯನ್ನು ಋತುಪರ್ಣನು ನೋಡಿದ ಮಾತ್ರಕ್ಕೆ ಹೇಳುತ್ತಾನೆ. ನಳನು ನಂಬದೆ ಮರವನ್ನು ಕಡಿದು ಎಣಿಸುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಆಗ ಋತುಪರ್ಣನು ತನಗೆ ಅಕ್ಷಹೃದಯ, ಎಂದರೆ ದಾಳದ ಮರ್ಮ, ತಿಳಿದಿರುವುದರಿಂದ ಎಣಿಕೆಯಲ್ಲಿಯೂ ನಿಪುಣನೆಂದು ಹೇಳಿ ಆ ವಿದ್ಯೆಯನ್ನು ನಳನಿಗೆ ಕೊಡುತ್ತಾನೆ. ಕೂಡಲೇ ನಳನನ್ನು ಹಿಡಿದಿದ್ದ ಕಲಿಯು ಅವನ ದೇಹವನ್ನು ಬಿಟ್ಟು ತಾರೆಮರವನ್ನು ಸೇರುತ್ತಾನೆ. ದಾಳದ ವಿದ್ಯೆಗೂ ಎಣಿಕೆಯ ವಿದ್ಯೆಗೂ ಇರುವ ಸಂಬಂಧವನ್ನು ಈ ಕಥೆ ಗುರುತಿಸಿರುವುದನ್ನು ಕೆನಡಾದ ತತ್ತ್ವಜ್ಞಾನಿ ಇಯನ್ ಹ್ಯಾಕಿಂಗ್ ಸಂಭವನೀಯತೆಯ ಇತಿಹಾಸವನ್ನು ಕುರಿತ ತಮ್ಮ 1975ರ ಗ್ರಂಥದಲ್ಲಿ ಎತ್ತಿ ತೋರಿಸಿದ್ದಾರೆ. ಲೆಕ್ಕ ತಿಳಿದ ಕೂಡಲೇ ಕಲಿ ಬಿಟ್ಟುಹೋಗುತ್ತಾನೆಂಬುದು ಎಷ್ಟು ಅರ್ಥಪೂರ್ಣವಾದ ಕಲ್ಪನೆ!

ಈ ಕಾಲದ ಕಲಿಯ ರೂಪವೊಂದನ್ನು ನೋಡೋಣ. ಮೊಬೈಲಿನ ಕೆಲವು ಪಾತ್ರಧಾರಣೆಯ ಆಟಗಳನ್ನು ಆಡಲು ಹಣ ಬೇಡ. ಆದರೆ ಅಪೂರ್ವವಾದ ಪಾತ್ರ ಬೇಕಾದರೆ ಅದೃಷ್ಟದ ಪೆಟ್ಟಿಗೆಯನ್ನು ತೆರೆಯಬೇಕು. ಆಟದಲ್ಲಿ ಗಳಿಸಿದ ರತ್ನಗಳು ಮುಗಿದರೆ ಹಣ ಕೊಟ್ಟು ಕೊಳ್ಳಬೇಕು. ‘ಗೆನ್‌ಶಿನ್ ಇಂಪ್ಯಾಕ್ಟ್’ನಲ್ಲಿ ಐದು ನಕ್ಷತ್ರಗಳ ಪಾತ್ರವು ಒಂದು ಎಳೆತಕ್ಕೆ ದೊರೆಯುವ ಮೂಲ ಸಂಭವ 100ಕ್ಕೆ 0.6 ಎಂದು ಆಟವೇ ತಿಳಿಸುತ್ತದೆ. ‘ನೂರಾಅರವತ್ತೇಳು ಬಾರಿ ಎಳೆದರೆ ಒಂದು ಬಂದೇ ಬರುತ್ತದೆ’ ಎಂದು ಅವಸರದ ಲೆಕ್ಕಿಗನು ಹೇಳಬಹುದು. ಅದು ತಪ್ಪು. ಒಂದು ಎಳೆತದಲ್ಲಿ ದೊರೆಯದಿರುವ ಸಂಭವ 0.994. ಅದನ್ನು 90 ಬಾರಿ ಗುಣಿಸಿದರೆ ಸುಮಾರು 0.58; 167 ಬಾರಿ ಗುಣಿಸಿದರೆ ಸುಮಾರು 0.37. ಎಂದರೆ, ಈ ಸಂಭವವೊಂದೇ ಇದ್ದಿದ್ದರೆ 90 ಬಾರಿ ಎಳೆದ 100 ಮಂದಿಯಲ್ಲಿ 58 ಮಂದಿ ಬರಿಗೈಯಲ್ಲಿ ಮರಳುತ್ತಿದ್ದರು. 167 ಬಾರಿ ಎಳೆದ ಮೇಲೂ 37 ಮಂದಿಗೆ ಏನೂ ದೊರೆಯುತ್ತಿರಲಿಲ್ಲ. ಇದಕ್ಕಾಗಿಯೇ 90ನೆಯ ಎಳೆತದೊಳಗೆ ಒಂದು ದೊರೆಯುವಂತೆ ಆ ಆಟದಲ್ಲಿ ಭರವಸೆಯಿಟ್ಟಿದ್ದಾರೆ. ಭರವಸೆಯೇನೋ ಒಳ್ಳೆಯದೇ. ಆದರೆ 70 ಬಾರಿ ಎಳೆದವನಿಗೆ ‘ಇನ್ನು ಇಪ್ಪತ್ತೇ’ ಎಂಬ ಆಸೆಯನ್ನು ಹುಟ್ಟಿಸುವುದೂ ಅದೇ ಭರವಸೆ.

ಸರ್ಕಾರಗಳು ಈ ವಿಷಯವನ್ನು ಗಮನಿಸದೆ ಇಲ್ಲ. ಬೆಲ್ಜಿಯಮ್ಮಿನ ಜೂಜು ಆಯೋಗವು ಹಣ ಕೊಟ್ಟು ತೆರೆಯುವ ಕೆಲವು ಆಟಗಳ ಪೆಟ್ಟಿಗೆಗಳನ್ನು 2018ರಲ್ಲಿ ಜೂಜೆಂದೇ ಪರಿಗಣಿಸಿತು. ಭಾರತದ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು, ಹಣ ಗೆಲ್ಲುವ ಆಸೆಯಿಂದ ಹಣವಿಟ್ಟು ಆಡುವ ಆಟಗಳನ್ನು ನಿಷೇಧಿಸಿ, ಕ್ರೀಡೆಯಾಗಿ ಅಥವಾ ವಿನೋದಕ್ಕಾಗಿ ಆಡುವ ಆಟಗಳನ್ನು ಬೇರ್ಪಡಿಸಿತು. ಆದರೆ ಬಹುಮಾನವು ಹಣವಾಗಿರದೆ ಬರಿಯ ವೇಷವಾಗಿರುವಲ್ಲಿ ಆಟಗಾರನ ಮೊದಲ ಕಾವಲುಗಾರ ಅವನ ಲೆಕ್ಕವೇ. ನಾಟಕದ ದುರ್ಯೋಧನನ ಪಾತ್ರಕ್ಕೂ ಹಣ ಕೊಡುತ್ತಾರೆ, ನಿಜ. ಆದರೆ ಕೊಟ್ಟವನಿಗೆ ಪಾತ್ರ ದೊರೆಯುತ್ತದೆಯೇ ಇಲ್ಲವೇ ಎಂದು ಮೇಷ್ಟರು ಕವಡೆ ಚೆಲ್ಲುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಸಂಭವನೀಯತೆಯು ಪುಸ್ತಕದ ಪಾಠವಷ್ಟೇ ಅಲ್ಲ. ಇವರಲ್ಲಿ ಬಹುಮಂದಿಯ ತಂದೆತಾಯಿಗಳು ಮಳೆ ಬಂದೀತೆಂದು ನಂಬಿ ಹೊಗೆಸೊಪ್ಪು, ಜೋಳ, ಶುಂಠಿ, ಭತ್ತಗಳನ್ನು ಬೆಳೆಯುವವರು. ಬೆಲೆ ನಿಂತೀತೆಂದು ನಂಬಿ ಸಾಲ ತರುವವರು. ಅವರ ದಾಳ ಆಕಾಶದಲ್ಲಿದೆ. ಯಾವ ಸಂಭವಕ್ಕೆ ಎಷ್ಟನ್ನು ಪಣವಿಡಬೇಕು, ಯಾವಾಗ ಕೈ ಹಿಂದೆಗೆಯಬೇಕು ಎಂಬ ವಿವೇಕವನ್ನು ಮಕ್ಕಳು ಆಟದಿಂದಲೇ ಕಲಿತರೆ ಆ ಆಟ ವ್ಯರ್ಥವಾಗಲಿಲ್ಲ.

ಮಾಡಿ ನೋಡಿ

ಆದುದರಿಂದ ನಾವು ಓದುಗರಿಗೆ ಒಂದು ಪ್ರಯೋಗವನ್ನು ಸೂಚಿಸಿ ವಿರಮಿಸುತ್ತೇವೆ. ನಾಲ್ಕು ಹುಣಸೆಬೀಜಗಳನ್ನು ತೇಯ್ದು ಸಿದ್ಧಪಡಿಸಿಕೊಳ್ಳಿ. ಮೊದಲು ಒಂದು ಬೀಜವನ್ನು 200 ಬಾರಿ ಚೆಲ್ಲಿ ಬಿಳಿ ಎಷ್ಟು ಬಾರಿ ಬಿದ್ದಿತೆಂದು ಗುರುತಿಸಿ. ಆ ಭಾಗಲಬ್ಧದಿಂದ ಬಾರ ಮತ್ತು ಚೌಕಗಳ ಸಂಭವವನ್ನು ಮೇಲೆ ತೋರಿಸಿದಂತೆ ಲೆಕ್ಕ ಹಾಕಿ ಕಾಗದದ ಮೇಲೆ ಬರೆದಿಡಿ. ನಾಲ್ಕು ಬೀಜಗಳೂ ಒಂದೇ ಬಗೆಯಲ್ಲಿ ತೇಯ್ದವಾಗಿರುವುದು ಅವಶ್ಯ. ಅನಂತರ ನಾಲ್ಕನ್ನೂ ಒಟ್ಟಿಗೆ 200 ಬಾರಿ ಚೆಲ್ಲಿ, ಬರೆದಿಟ್ಟ ಲೆಕ್ಕದೊಡನೆ ಹೋಲಿಸಿ. ಅಂಕಿಗಳು ಪೂರ್ಣವಾಗಿ ಕೂಡಿಬರಲಾರವು. ಆದರೆ ಹತ್ತಿರ ಬರುತ್ತವೆ. ಹೆಚ್ಚು ಬಾರಿ ಚೆಲ್ಲಿದಷ್ಟೂ ಹೆಚ್ಚು ಹತ್ತಿರ ಬರುವ ಪ್ರವೃತ್ತಿಯನ್ನು ನೀವೇ ಕಾಣುವಿರಿ.

ಅಷ್ಟಾದ ಮೇಲೆ ಮೊಬೈಲಿನ ಆಟವನ್ನು ತೆರೆಯಿರಿ. ಪಾತ್ರ ವಹಿಸಿ, ಕಥೆಯನ್ನು ಸವಿಯಿರಿ, ದಾಳ ಉರುಳುವಾಗ ಉಸಿರು ಬಿಗಿಹಿಡಿಯಿರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಣ ಕೊಡಿರೆಂದು ಪೆಟ್ಟಿಗೆಯೊಂದು ಹೊಳೆಯುತ್ತ ಎದುರಿಗೆ ಬಂದಾಗ, ಕಾಗದ ಪೆನ್ಸಿಲು ಹಿಡಿದು 0.994ನ್ನು ಗುಣಿಸಲು ಆರಂಭಿಸಿ. ಧರ್ಮರಾಯನು ದಾಳದ ಮುಂದೆ ಕುಳಿತಾಗ ಅವನಲ್ಲಿ ಇಲ್ಲದಿದ್ದುದು ಧರ್ಮವಲ್ಲ, ಅಕ್ಷಹೃದಯ.